ಎಂದೂ ಕುದಿಯದ ಕಾರು

ಮಂಜುಮಲೆಯ ಮಠದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೆಯ ಕಾರು. ಮೂವರಲ್ಲಿ ಬಿಸಿಯಾಗುತ್ತಿದ್ದವರು ಗುರುಗಳೊಬ್ಬರೇ.

ಸಾರಿಗೆ ಉಪ್ಪು ಕಡಿಮೆಯಾದರೆ ಬಿಸಿಯಾಗುತ್ತಿದ್ದರು. ಭಕ್ತರು ಬಿಲ್ವದ ಬುಡದಲ್ಲಿ ಚಪ್ಪಲಿ ಬಿಟ್ಟರೆ ಬಿಸಿಯಾಗುತ್ತಿದ್ದರು. ಐದು ನಿಮಿಷದಲ್ಲಿ ಆರಿ, ಬೈಸಿಕೊಂಡವರನ್ನೇ ಕರೆದು ಕೈಗೊಂದು ಬಾಳೆಹಣ್ಣು ಕೊಡುತ್ತಿದ್ದರು.

ಬಾಳೆಹಣ್ಣಿಗಾಗಿಯೇ ಅಲ್ಲಿ ಚಪ್ಪಲಿ ಬಿಡುವವರೂ ಇದ್ದರು.

ಶಿಷ್ಯ ಷಡಕ್ಷರಿ ಹಾಗಲ್ಲ. ಅವನು ಹಿಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ. ಕೊನೆಯ ಬೆಂಚಿನವನ ಕಿವಿಗೆ ಗುರಿಯಿಟ್ಟು ಡಸ್ಟರ್ ಎಸೆಯುವುದರಲ್ಲಿ ತಾಲ್ಲೂಕಿಗೇ ಹೆಸರಾಗಿದ್ದ. ಒಂದು ದಿನ ಗುರಿ ತಪ್ಪಿ ಡಸ್ಟರು ಶಾಲೆಯ ತನಿಖೆಗೆ ಬಂದಿದ್ದ ಇನ್‌ಸ್ಪೆಕ್ಟರರಿಗೆ ಬಿತ್ತು.

ಅಲ್ಲಿಂದ ನೇರವಾಗಿ ಮಠಕ್ಕೆ ಬಂದು, “ಬುದ್ಧಿ, ನನ್ನ ಸಿಟ್ಟು ಬಿಡಿಸಿ” ಎಂದು ಕಾಲಿಗೆ ಬಿದ್ದಿದ್ದ. ಆ ಸೀಮೆಯಲ್ಲಿ ಸ್ವಾಮಿಗಳನ್ನು ಕರೆಯುವುದೇ ಬುದ್ಧಿ ಎಂದು.

ಹನ್ನೊಂದು ವರ್ಷದ ಧ್ಯಾನದಲ್ಲಿ ಸಿಟ್ಟು ಹೋಯಿತು. ನಗುವೂ ಅಷ್ಟಾಗಿ ಬರುತ್ತಿರಲಿಲ್ಲ. ಅದನ್ನು ಯಾರೂ ದೂರಿರಲಿಲ್ಲವಾದ್ದರಿಂದ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪ್ರತಿ ಹುಣ್ಣಿಮೆಗೆ ಷಡಕ್ಷರಿಯ ಪ್ರವಚನ ಇರುತ್ತಿತ್ತು. ಪ್ರತಿ ಪ್ರವಚನದಲ್ಲೂ ಒಂದೇ ದೃಷ್ಟಾಂತ ಇರುತ್ತಿತ್ತು.

“ಐದು ವರ್ಷದ ಹಿಂದೆ ಬುದ್ಧಿಯವರ ಜೊತೆ ಬಯಲುಸೀಮೆಗೆ ಹೋಗಿದ್ದೆವು. ಚೈತ್ರದ ಬಿಸಿಲು. ಎದುರಿಗೆ ಊರವರು ಪೂರ್ಣಕುಂಭ ಹಿಡಿದು ನಿಂತಿದ್ದಾರೆ. ಅಷ್ಟರಲ್ಲಿ ಕಾರು ಕುದಿದು ಬುಸ್ ಎಂದಿತು. ರಸ್ತೆಬದಿಯ ಮೆಕ್ಯಾನಿಕ್ ಏನೇನೋ ಸರಿಮಾಡಿದ. ಕೊನೆಗೆ ಇಂಜಿನ್ನಿನೊಳಗಿಂದ ಈ ಒಂದು ಚೂರನ್ನು ಕಿತ್ತು ನನ್ನ ಕೈಗಿಟ್ಟ. ‘ಇನ್ನು ಈ ಗಾಡಿ ಜನ್ಮದಲ್ಲಿ ಕುದಿಯಲ್ಲ ಸ್ವಾಮಿ’ ಅಂದ. ಅಂದಿನಿಂದ ಕುದ್ದಿಲ್ಲ. ಮನುಷ್ಯನೂ ಹಾಗೆಯೇ. ಒಳಗಿರುವ ಆ ಒಂದು ಚೂರನ್ನು ಕಿತ್ತು ಕೈಗೆ ತೆಗೆದುಕೊಳ್ಳಬೇಕು.”

ಇಷ್ಟು ಹೇಳಿ ಕೆಂಪು ರೇಷ್ಮೆಯ ಗಂಟು ಬಿಚ್ಚಿ ಆ ಚೂರನ್ನು ತೋರಿಸುತ್ತಿದ್ದ. ಹಿತ್ತಾಳೆಯದು. ಒಂದು ಸಣ್ಣ ತಟ್ಟೆ, ನಡುವೆ ಒಂದು ಮುಚ್ಚಳ, ಕೆಳಗೆ ಸ್ಪ್ರಿಂಗು. ಭಕ್ತರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಬ್ಬಿಬ್ಬರು ಹೂವನ್ನೂ ಏರಿಸಿದ್ದರು.

ಗುರುಗಳು ಮೂಲೆಯಲ್ಲಿ ಕೂತು ಐದು ವರ್ಷ ಇದನ್ನು ಕೇಳಿದರು. ಒಮ್ಮೆ ಮಾತ್ರ, “ಅಲ್ಲಯ್ಯಾ, ಆ ಚೂರಿಗೆ ಒಳಗೆ ಏನು ಕೆಲಸ ಇತ್ತು?” ಎಂದಿದ್ದರು.

“ಗೊತ್ತಿಲ್ಲ ಬುದ್ಧಿ. ಕಿತ್ತ ಮೇಲೆ ಕೇಳುವ ಪ್ರಮೇಯ ಬರಲಿಲ್ಲ.”

ಗುರುಗಳು ಮತ್ತೆ ಕೇಳಲಿಲ್ಲ.

ಮಠದ ಅಡಿಗೆ ಚೆನ್ನಾಜಮ್ಮನದು. ಇಪ್ಪತ್ತಾರು ವರ್ಷದಿಂದ ಅವಳದೇ. ಆ ವರ್ಷದ ಚಳಿಯಲ್ಲಿ ಅವಳ ಬೆರಳುಗಳು ಬೆಳ್ಳಗಾಗತೊಡಗಿದವು. ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಮರಗಟ್ಟುತ್ತಿದ್ದವು. ಕೈಯಲ್ಲಿದ್ದ ಸೌಟು ಬಿದ್ದ ಸದ್ದು ಕೇಳಿಯೇ ಅವಳಿಗೆ ಸೌಟು ಬಿದ್ದದ್ದು ಗೊತ್ತಾಗುತ್ತಿತ್ತು.

ಬೆಟ್ಟದ ಕೆಳಗಿನ ಪೇಟೆಯಲ್ಲಿ ಡಾಕ್ಟರಮ್ಮ ಪ್ರತಿ ಸೋಮವಾರ ಅವಳ ಕೈಗೆ ಬಿಸಿ ಮೇಣದ ಶಾಖ ಕೊಡುತ್ತಿದ್ದರು. ಇಪ್ಪತ್ತೆರಡು ಕಿಲೋಮೀಟರ್ ಇಳಿಯಬೇಕು, ಅಷ್ಟೇ ಹತ್ತಬೇಕು. ಕಾರು ಓಡಿಸುವವನು ಷಡಕ್ಷರಿ.

ಕಾರಿನೊಳಗೆ ಹೊರಗಿನಷ್ಟೇ ಚಳಿ ಇರುತ್ತಿತ್ತು. ಹೊರಗೆ ಒಂದಿಷ್ಟು ಬಿಸಿಲಾದರೂ ಬೀಳುತ್ತಿತ್ತು.

“ನಾನು ಇಲ್ಲಿ ಕೊಟ್ಟ ಶಾಖ ಬೆಟ್ಟ ಹತ್ತೋದ್ರೊಳಗೆ ಆರಿಹೋಗುತ್ತೆ” ಎಂದರು ಡಾಕ್ಟರಮ್ಮ. “ಸಂಕ್ರಾಂತಿಗೆ ಮುಂಚಿನ ಸೋಮವಾರದ ತನಕ ನೋಡ್ತೀನಿ. ಅವತ್ತೂ ಇವರ ಬೆರಳು ಹೀಗೇ ನೀಲಿಯಾಗಿ ಬಂದ್ರೆ, ಮತ್ತೆ ಬೆಟ್ಟ ಹತ್ತಿಸಬೇಡಿ. ಬಯಲುಸೀಮೆಗೆ ಕಳಿಸಿ. ಬೆರಳು ಹೋದ್ರೆ ಯಾರು ತಂದುಕೊಡ್ತಾರೆ?”

ಬಯಲುಸೀಮೆಯಲ್ಲಿ ಮಠದ ಒಂದು ಶಾಖೆ ಇತ್ತು. ಅಲ್ಲಿ ಬಿಸಿಲಿಗೆ ಕೊರತೆ ಇರಲಿಲ್ಲ. ಚೆನ್ನಾಜಮ್ಮನಿಗೆ ಗೊತ್ತಿದ್ದವರೂ ಯಾರೂ ಇರಲಿಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಷಡಕ್ಷರಿ ವಿಷಯ ತಿಳಿಸಿದ. ಬಸ್ಸಿನ ಹೊತ್ತು ತಿಳಿಸುವ ದನಿಯಲ್ಲಿ ತಿಳಿಸಿದ.

“ನೀನೇನಂತೀಯ?” ಗುರುಗಳು ಕೇಳಿದರು.

“ಎಲ್ಲಿದ್ದರೂ ಅಡಿಗೆಯೇ ಅಲ್ಲವೇ ಬುದ್ಧಿ. ಜಾಗದ ಮೇಲೆ ಮೋಹ ಯಾಕೆ?”

ಚೆನ್ನಾಜಮ್ಮ ಮುದ್ದೆಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

“ಇನ್ನರ್ಧ ಹಾಕ್ಲಾ ಮೇಷ್ಟ್ರೇ?” ಎಂದಳು.

“ಬೇಡ.”

ಅವಳು ಒಳಗೆ ಹೋದಳು.

ಕೈ ತೊಳೆದ ಮೇಲೆ ಷಡಕ್ಷರಿ ಗುರುಗಳ ಎದುರು ಕೂತ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದ.

“ಬುದ್ಧಿ, ಸಿಟ್ಟು ಪೂರ್ತಿ ಹೋಗಿದೆ. ಮುಂದಿನ ಪಾಠ ಯಾವುದು?”

“ಕಾರಿನ ಹೀಟರು ಸರಿಮಾಡು.”

ಷಡಕ್ಷರಿ ಇದರ ಗೂಢಾರ್ಥವನ್ನು ಎರಡು ದಿನ ಯೋಚಿಸಿದ. ಮೂರನೆಯ ದಿನ ಬಂದು, “ಹೀಟರು ಎಂದರೆ ಒಳಗಿನ ಜ್ಯೋತಿಯೇ ಬುದ್ಧಿ?” ಎಂದ.

“ಹೀಟರು ಎಂದರೆ ಹೀಟರು!” ಗುರುಗಳು ಬಿಸಿಯಾದರು. “ಸ್ಟೀರಿಂಗಿನ ಎಡಕ್ಕೆ ಇರೋದು! ಎರಡು ದಿನ ಏನು ಮಾಡುತ್ತಿದ್ದೆ? ಅವಳಿಗೆ ಇರೋದೇ ನಾಲ್ಕು ಸೋಮವಾರ!”

ಐದು ನಿಮಿಷದ ಮೇಲೆ ಷಡಕ್ಷರಿಗೆ ಬಾಳೆಹಣ್ಣು ಸಿಕ್ಕಿತು. ಅದನ್ನು ನಿರ್ಲಿಪ್ತನಾಗಿ ತಿಂದು ಕೆಲಸಕ್ಕೆ ಇಳಿದ.

ಮೊದಲು ಹೀಟರಿನ ಫ್ಯಾನು ಬಿಚ್ಚಿದ. ಅದರೊಳಗೆ ಇಲಿಯ ಗೂಡಿತ್ತು. ಹುಣ್ಣಿಮೆ ಪ್ರವಚನದ ಕರಪತ್ರಗಳನ್ನು ಹರಿದು ಇಲಿ ಬಹಳ ಮೆತ್ತಗೆ ಹಾಸಿಕೊಂಡಿತ್ತು. ಆ ಕರಪತ್ರಗಳಿಂದ ಅಷ್ಟು ಪ್ರಯೋಜನ ಪಡೆದವರು ಬೇರೆ ಯಾರೂ ಇರಲಿಲ್ಲ.

ಗೂಡು ತೆಗೆದ. ಫ್ಯಾನಿಗೆ ಎಣ್ಣೆ ಬಿಟ್ಟ. ಫ್ಯಾನು ತಿರುಗಿತು.

ಮೊದಲನೆಯ ಸೋಮವಾರ ಬೆಟ್ಟ ಇಳಿಯುವಾಗ ಸ್ವಿಚ್ಚು ಹಾಕಿದ. ಐದು ವರ್ಷ ಸುಮ್ಮನಿದ್ದ ಚಳಿಗಾಳಿ ಈಗ ಜೋರಾಗಿ ಬೀಸಿತು.

“ಮೇಷ್ಟ್ರೇ, ಮುಂಚಿನದೇ ವಾಸಿಯಾಗಿತ್ತು” ಎಂದಳು ಚೆನ್ನಾಜಮ್ಮ ಹಿಂದಿನ ಸೀಟಿನಿಂದ. ಎರಡು ಕಂಬಳಿ ಹೊದ್ದು ಕೂತಿದ್ದಳು. ಮೂಗು ಮಾತ್ರ ಕಾಣುತ್ತಿತ್ತು.

ಷಡಕ್ಷರಿ ಸ್ವಿಚ್ಚು ತೆಗೆದ. ಬೇಸರ ಪಡಲಿಲ್ಲ.

ಆ ವಾರ ಹೀಟರಿನ ಕೊಳವೆಗಳನ್ನು ಬಿಚ್ಚಿ ನೀರು ಹಾಯಿಸಿದ. ಮೊದಲು ತುಕ್ಕಿನ ಮಡ್ಡಿಯ ಕೆಂಪು ನೀರು ಬಂತು, ಆಮೇಲೆ ತಿಳಿನೀರು ಬಂತು. ತುಂಬ ಶುದ್ಧವಾಗಿತ್ತು. ಎರಡನೆಯ ಸೋಮವಾರದ ಗಾಳಿಯೂ ಶುದ್ಧವಾಗಿತ್ತು, ತಣ್ಣಗಿತ್ತು.

ಚೆನ್ನಾಜಮ್ಮನ ಬೆರಳು ನೋಡಿ ಡಾಕ್ಟರಮ್ಮ ಗೋಡೆಯ ಕ್ಯಾಲೆಂಡರ್ ನೋಡಿದರು.

ಗಣಿತದ ಮೇಷ್ಟ್ರು ಕೊನೆಗೆ ಸುಲಭ ವಿಧಾನಕ್ಕೆ ಬಂದ. ಕಾರಿಗೆ ಬಿಸಿ ಬೇಕು. ಬಿಸಿ ಅಗ್ಗಿಷ್ಟಿಕೆಯಲ್ಲಿದೆ. ಆದ್ದರಿಂದ ಅಗ್ಗಿಷ್ಟಿಕೆ ಕಾರಿನಲ್ಲಿರಬೇಕು.

ಪರೀಕ್ಷೆಗೆಂದು ಗುರುಗಳನ್ನು ಕೂರಿಸಿಕೊಂಡು ಅಂಗಳದಲ್ಲೇ ಎರಡು ಸುತ್ತು ಬಂದ. ಮೊದಲನೆಯ ಸುತ್ತಿನಲ್ಲಿ ಹೊಗೆ ತುಂಬಿತು. ಎರಡನೆಯ ಸುತ್ತಿನಲ್ಲಿ ಹೊಗೆ ಹೋಗಲೆಂದು ನಾಲ್ಕೂ ಕಿಟಕಿ ಇಳಿಸಿದ. ಹೊಗೆಯ ಹಿಂದೆಯೇ ಬಿಸಿಯೂ ಹೋಯಿತು.

ಗುರುಗಳು ಕೆಮ್ಮುತ್ತಾ ಇಳಿದರು. ಗಡ್ಡದಲ್ಲಿ ಬೂದಿ ಇತ್ತು.

“ನನ್ನನ್ನೇನು ಹಪ್ಪಳ ಅಂದುಕೊಂಡೆಯಾ?”

“ಕ್ಷಮಿಸಿ ಬುದ್ಧಿ.”

“ಮೂರು ಸಲ ಸೋತೆ. ನಿನಗೆ ಏನೂ ಅನ್ನಿಸಲಿಲ್ಲವೇ?”

“ಇಲ್ಲ ಬುದ್ಧಿ. ಮಾಡುವುದಷ್ಟೇ ನನ್ನದು. ಫಲದ ಮೇಲೆ ಆಸೆ ಇಟ್ಟಿಲ್ಲ.”

“ಫಲ ನಿನ್ನದಲ್ಲ ಕಣಯ್ಯಾ” ಎಂದರು ಗುರುಗಳು. “ಬೆರಳು ಅವಳದು.”

ಅಂದು ಬಾಳೆಹಣ್ಣು ಬರಲಿಲ್ಲ. ಷಡಕ್ಷರಿ ಐದು ನಿಮಿಷ ಕಾದ. ಹತ್ತು ನಿಮಿಷ ಕಾದ. ಆಮೇಲೆ ತಾನು ಕಾಯುತ್ತಿದ್ದೇನೆಂದು ಗೊತ್ತಾಗಿ ಎದ್ದು ಹೋದ.

ಭಾನುವಾರ ಮಧ್ಯಾಹ್ನ ಅವನು ಅಡಿಗೆಮನೆಗೆ ಹೋದಾಗ ಚೆನ್ನಾಜಮ್ಮ ತಗಡಿನ ಟ್ರಂಕು ತುಂಬುತ್ತಿದ್ದಳು.

“ಇನ್ನೂ ಎರಡು ಸೋಮವಾರ ಇದೆಯಲ್ಲ.”

“ಕೈ ಆಡೋ ಹೊತ್ತಿಗೇ ತುಂಬಿಕೊಳ್ಳೋಣ ಅಂತ. ಕೇಳಿ ಮೇಷ್ಟ್ರೇ, ಬುದ್ಧಿಯವರ ಕಷಾಯಕ್ಕೆ ಶುಂಠಿ ಜಜ್ಜಿ ಹಾಕಬೇಕು, ತುರಿದು ಹಾಕಿದ್ರೆ ಕುಡಿಯಲ್ಲ. ಮಾವಿನಮಿಡಿ ಉಪ್ಪಿನಕಾಯಿ ದೊಡ್ಡ ಭರಣೀಲಿದೆ. ಒದ್ದೆ ಕೈ ಹಾಕಬೇಡಿ. ಹೊಸಬಳು ಯಾರೇ ಬಂದ್ರೂ ಹೇಳಿ.”

“ಆಗಲಿ.”

ಅವಳು ಟ್ರಂಕಿನ ತಳದಿಂದ ಒಂದು ಸ್ಟೀಲು ತಟ್ಟೆ ತೆಗೆದಳು. ಅಂಚು ಒಂದು ಕಡೆ ನೆಗ್ಗಿತ್ತು.

“ಇದು ನಿಮ್ಮದು. ಇಲ್ಲೇ ಇರಲಿ.”

“ನನ್ನದೇ?”

“ನೀವು ಬಂದ ಮೊದಲನೇ ವಾರ ಎಸೆದಿದ್ರಲ್ಲ. ಗೋಡೆಗೆ ಬಿತ್ತು. ಸಾರಿಗೆ ಉಪ್ಪೇ ಇಲ್ಲ ಅಂತ ಮಠ ಹಾರಿಹೋಗೋ ಹಂಗೆ ಕೂಗಿದ್ರಿ.”

ಷಡಕ್ಷರಿ ತಲೆ ತಗ್ಗಿಸಿದ. “ಆ ಮನುಷ್ಯ ಈಗಿಲ್ಲ ಚೆನ್ನಾಜಮ್ಮ.”

“ಗೊತ್ತು. ಅವತ್ತು ನಿಜವಾಗ್ಲೂ ಉಪ್ಪು ಹಾಕಿರಲಿಲ್ಲ ನಾನು, ಮರೆತಿದ್ದೆ. ಅತ್ತುಬಿಟ್ಟೆ. ಆಮೇಲೆ ಇನ್ನೊಂದು ಸಲ ಮಾಡಿದೆ. ನೀವು ನಾಲ್ಕು ಸೌಟು ಹಾಕಿಸಿಕೊಂಡು ತಿಂದ್ರಿ. ‘ಇದು ಸಾರು’ ಅಂದ್ರಿ.” ಅವಳು ಸೆರಗಿನಿಂದ ತಟ್ಟೆ ಒರೆಸಿದಳು. “ಈಗ ನೀವು ಏನು ಹಾಕಿದ್ರೂ ಉಣ್ತೀರಿ. ಹೋದ ತಿಂಗಳು ಎರಡು ಸಲ ಬೇಕೂ ಅಂತ ಉಪ್ಪು ಬಿಟ್ಟು ಬಡಿಸಿದೆ. ನಿಮಗೆ ಗೊತ್ತಾಗಲಿಲ್ಲ. ಬುದ್ಧಿಯವರಿಗೆ ಬೇರೆ ಬಡಿಸಿದ್ದೆ, ಅವರಿಗೆ ಹಂಗೆ ಮಾಡಿದ್ರೆ ನಾನು ಬದುಕ್ತೀನಾ?”

ಷಡಕ್ಷರಿ ಏನೋ ಹೇಳಲು ಬಾಯಿ ತೆರೆದ. ನಿರ್ಲಿಪ್ತತೆಯ ಬಗ್ಗೆ ಅವನ ಬಳಿ ಒಳ್ಳೆಯ ಮಾತುಗಳಿದ್ದವು. ಅವಳ ಕೈಯಿಂದ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಅವಳು ಸದ್ದಿನ ಕಡೆ ತಿರುಗಿ ನೋಡಿದಳು.

ಅವನೇ ಬಗ್ಗಿ ಎತ್ತಿಕೊಟ್ಟ.

ಮೂರನೆಯ ಸೋಮವಾರ ಚೆನ್ನಾಜಮ್ಮನನ್ನು ಡಾಕ್ಟರಮ್ಮನ ಬಳಿ ಬಿಟ್ಟು, ಷಡಕ್ಷರಿ ಕಾರನ್ನು ಪೇಟೆಯ ಮೆಕ್ಯಾನಿಕ್ ದಸ್ತಗೀರನ ಶೆಡ್ಡಿಗೆ ಒಯ್ದ. ಮಠದ ಕೆಲಸ ಮಠದಲ್ಲೇ ಆಗಬೇಕೆಂಬುದು ಅವನ ನಿಯಮವಾಗಿತ್ತು. ನಿಯಮ ಮುರಿದದ್ದಕ್ಕೂ ಅವನಿಗೆ ಏನೂ ಅನ್ನಿಸಲಿಲ್ಲ. ಅಥವಾ ಸ್ವಲ್ಪ ಅನ್ನಿಸಿತು.

ದಸ್ತಗೀರ್ ಬಾನೆಟ್ಟು ಎತ್ತಿದ. ಹೀಟರಿನ ಕಡೆ ನೋಡಲೇ ಇಲ್ಲ.

“ಮೇಷ್ಟ್ರೇ, ಇಂಜಿನ್ ಮೇಲೆ ಕೈ ಇಡಿ.”

“ಸುಡುವುದಿಲ್ಲವೇ?”

“ಇಡಿ, ನೋಡೋಣ.”

ಷಡಕ್ಷರಿ ಕೈಯಿಟ್ಟ. ಇಪ್ಪತ್ತೆರಡು ಕಿಲೋಮೀಟರ್ ಓಡಿ ಬಂದ ಇಂಜಿನ್ನು ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು.

“ಒಳಗೆ ಬಿಸಿ ತೋರಿಸೋ ಮುಳ್ಳು ಎಲ್ಲಿ ನಿಲ್ಲುತ್ತೆ?”

“ಐದು ವರ್ಷದಿಂದ ಕೆಳಗೇ ಇದೆ. ಒಮ್ಮೆಯೂ ಏಳಲಿಲ್ಲ.” ಷಡಕ್ಷರಿಯ ದನಿಯಲ್ಲಿ ಹಳೆಯ ಹೆಮ್ಮೆ ಸ್ವಲ್ಪ ಉಳಿದಿತ್ತು.

“ಅದೇ ರೋಗ” ಎಂದ ದಸ್ತಗೀರ್. “ಹೀಟರಿಗೆ ಅದರದ್ದೇ ಅಂತ ಬೆಂಕಿ ಇಲ್ಲ ಸ್ವಾಮಿ. ಇಂಜಿನ್ ಕಾದ್ರೆ ಅದೇ ಬಿಸಿನೀರು ಹೀಟರಿಗೆ ಬರುತ್ತೆ. ಇಂಜಿನ್ನೇ ಕಾಯದಿದ್ರೆ ಅದೇನು ಕೊಡುತ್ತೆ, ಮಣ್ಣು?”

ಮೇಲಿನ ಕೊಳವೆ ಬಿಚ್ಚಿ, ಎರಡು ಬೋಲ್ಟು ತೆಗೆದು, ಒಳಗೆ ಬೆರಳು ಆಡಿಸಿದ. ಖಾಲಿ.

“ಇಲ್ಲೊಂದು ಥರ್ಮೋಸ್ಟಾಟ್ ಇರಬೇಕಿತ್ತು. ಇಂಜಿನ್ ಕಾಯೋ ತನಕ ಮುಚ್ಚಿಕೊಂಡಿರುತ್ತೆ, ನೀರನ್ನ ತಣ್ಣಗಾಗೋಕೆ ಬಿಡಲ್ಲ. ಕಾದ ಮೇಲೆ ತೆರೆದುಕೊಳ್ಳುತ್ತೆ. ಯಾವನೋ ಪುಣ್ಯಾತ್ಮ ಕಿತ್ತು ಹಾಕಿದ್ದಾನೆ.”

ಷಡಕ್ಷರಿ ಬಗ್ಗಿ ಆ ಖಾಲಿ ಜಾಗ ನೋಡಿದ.

“ಹಿತ್ತಾಳೆದು” ಎಂದ ದಸ್ತಗೀರ್, ಬೆರಳಿನಲ್ಲಿ ಅಳತೆ ತೋರಿಸುತ್ತಾ. “ಇಷ್ಟಗಲ. ಕೆಳಗೆ ಸ್ಪ್ರಿಂಗು.”

“ಗೊತ್ತು.”

“ನೋಡಿದ್ದೀರಾ?”

“ಪ್ರತಿ ಹುಣ್ಣಿಮೆ.”

ದಸ್ತಗೀರನಿಗೆ ಅರ್ಥವಾಗಲಿಲ್ಲ. ಷಡಕ್ಷರಿ ಬಯಲುಸೀಮೆಯ ಕಥೆ ಹೇಳಿದ. ಈ ಸಲ ಅದು ಪ್ರವಚನದಂತೆ ಕೇಳಲಿಲ್ಲ.

ದಸ್ತಗೀರ್ ಬಗ್ಗಿ ಕೆಳಗಿನ ಕೊಳವೆ ನೋಡಿದ. “ಇದನ್ನೂ ಆವಾಗಲೇ ಹೊಸದು ಹಾಕಿದ್ದಾರೆ. ಹಳೇದು ಸೀಳಿ ನೀರೆಲ್ಲ ಹೋಗಿರಬೇಕು, ಅದಕ್ಕೇ ಕುದ್ದಿದ್ದು. ಆ ಚೂರಿನ ತಪ್ಪು ಏನೂ ಇರಲಿಲ್ಲ. ನಮ್ಮಲ್ಲಿ ಗಾಡಿ ಒಂದ್ಸಲ ಕುದ್ರೆ ಸಾಕು, ಮೊದಲು ಅದನ್ನೇ ಕಿತ್ತು ಕೈಗಿಡ್ತಾರೆ. ಗಿರಾಕಿಗೂ ಖುಷಿ.”

“ಹೊಸದು ಹಾಕು.”

“ಈ ಗಾಡಿದು ಸಿಗೋಕೆ ತಿಂಗಳು ಬೇಕು. ಹಳೇದನ್ನ ಬಿಸಾಕಿಬಿಟ್ರಾ?”

“ಇಲ್ಲ. ರೇಷ್ಮೆಯಲ್ಲಿ ಸುತ್ತಿಟ್ಟಿದ್ದೇನೆ.”

ದಸ್ತಗೀರ್ ಅವನ ಮುಖ ನೋಡಿದ. ಮಠದವರ ವಿಷಯವೆಂದು ಮುಂದೆ ಕೇಳಲಿಲ್ಲ. ಹಾಕುವುದು ಹೇಗೆಂದು ಹೇಳಿಕೊಟ್ಟು, “ಹಾಕೋ ಮುಂಚೆ ಬಿಸಿನೀರಲ್ಲಿ ಮುಳುಗಿಸಿ ನೋಡಿ, ತೆರೆಯುತ್ತೋ ಇಲ್ವೋ. ನೀರು ಸೋರದ ಹಾಗೆ ಮಧ್ಯ ಇಡೋಕೆ ದಪ್ಪ ಕಾಗದ ಕತ್ತರಿಸಿಕೊಳ್ಳಿ” ಎಂದ.

ವಾಪಸ್ಸು ಬೆಟ್ಟ ಹತ್ತುವಾಗ ಮಂಜು ಇಳಿಯಿತು. ಒಂಬತ್ತನೆಯ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದ. ಚೆನ್ನಾಜಮ್ಮ ಕಂಬಳಿಯ ತುದಿಯನ್ನು ಹಲ್ಲಿನಿಂದ ಎಳೆದುಕೊಳ್ಳುತ್ತಿದ್ದಳು. ಬೆರಳುಗಳು ಹಿಡಿಯುತ್ತಿರಲಿಲ್ಲ.

“ಪರವಾಗಿಲ್ಲ ಬಿಡಿ ಮೇಷ್ಟ್ರೇ” ಎಂದಳು, ಅವನು ನೋಡಿದ್ದನ್ನು ನೋಡಿ. “ಇನ್ನೊಂದೇ ವಾರ ತಾನೇ.”

ಷಡಕ್ಷರಿಗೆ ಕಿವಿಯ ಹಿಂದೆ ಏನೋ ಬೆಚ್ಚಗಾಯಿತು. ಪರಿಚಯದ್ದೇ ಅನ್ನಿಸಿತು. ಹನ್ನೊಂದು ವರ್ಷದಿಂದ ನೋಡಿರಲಿಲ್ಲ, ಅಷ್ಟೆ.

“ಐದು ವರ್ಷ!” ಎಂದು ಕೂಗಿದ. “ಐದು ವರ್ಷ ಅದನ್ನ ಕಣ್ಣಿಗೊತ್ತಿಸಿದೆನಲ್ಲ! ಕತ್ತೆ!”

ಸ್ಟೀರಿಂಗಿಗೆ ಎರಡು ಗುದ್ದು ಗುದ್ದಿದ. ಎರಡನೆಯದು ಹಾರನ್ನಿನ ಮೇಲೆ ಬಿತ್ತು. ಇಡೀ ಕಣಿವೆ ಕೇಳಿಸಿಕೊಂಡಿತು.

“ಯಾರಿಗೆ ಬೈದಿದ್ದು?” ಚೆನ್ನಾಜಮ್ಮ ಕೇಳಿದಳು.

“ನನಗೆ!”

“ಹಂಗಾದ್ರೆ ಸರಿ” ಎಂದು ಅವಳು ಕಂಬಳಿಯೊಳಗೆ ಸೇರಿಕೊಂಡಳು. ನಗುತ್ತಿದ್ದಳೋ ಏನೋ, ಕಂಬಳಿ ಅಲುಗುತ್ತಿತ್ತು.

ಸಂಜೆ ಬೆಳಕು ಇರುವಾಗಲೇ ಷಡಕ್ಷರಿ ರೇಷ್ಮೆಯ ಗಂಟು ತಂದು ಅಡಿಗೆಮನೆಯಲ್ಲಿ ಬಿಚ್ಚಿದ. ಚೂರಿಗೆ ಅಂಟಿದ್ದ ಕುಂಕುಮ ಒರೆಸಿದ. ದಾರ ಕಟ್ಟಿ, ದಾರವನ್ನು ಸೌಟಿನ ಹಿಡಿಗೆ ಕಟ್ಟಿ, ಒಲೆಯ ಮೇಲಿನ ನೀರಿಗೆ ಇಳಿಬಿಟ್ಟ.

ಗುರುಗಳು ಬಂದು ಮಣೆ ಹಾಕಿಕೊಂಡು ಕೂತರು.

“ಎಷ್ಟು ಹೊತ್ತು ಬೇಯಬೇಕು ಇದು?” ಚೆನ್ನಾಜಮ್ಮ ಕೇಳಿದಳು.

“ಬೇಯುವುದಿಲ್ಲ. ತೆರೆಯಬೇಕು.”

ನೀರು ಉಗುರುಬೆಚ್ಚಗಾಯಿತು. ಚೂರು ಮುಚ್ಚಿಕೊಂಡೇ ಇತ್ತು. ನೀರು ಬಿಸಿಯಾಯಿತು. ಮುಚ್ಚಿಕೊಂಡೇ ಇತ್ತು. ಗುರುಗಳ ಕನ್ನಡಕಕ್ಕೆ ಹಬೆ ಕವಿಯಿತು. ತೆಗೆದು ಒರೆಸಿಕೊಂಡರು.

“ಸತ್ತುಹೋಗಿದೆಯೇನೋ” ಎಂದ ಷಡಕ್ಷರಿ. ಒಲೆಗೆ ಇನ್ನೊಂದು ಸೌದೆ ತುರುಕಿದ. ಗುರುಗಳು ಪಾತ್ರೆ ಬಿಟ್ಟು ಅವನ ಮುಖ ನೋಡಿದರು.

ನೀರು ಕುದಿಗೆ ಬರುವ ಸ್ವಲ್ಪ ಮುಂಚೆ ಮುಚ್ಚಳ ಅಲುಗಿತು. ಕೂದಲೆಳೆಯಷ್ಟು ಬಿರಿಯಿತು. ಆಮೇಲೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಪೂರ್ತಿ ತೆರೆದುಕೊಂಡಿತು.

ಮೂರು ತಲೆಗಳೂ ಪಾತ್ರೆಯ ಮೇಲೆ ಬಗ್ಗಿದವು.

“ಐದು ವರ್ಷ ರೇಷ್ಮೆಯಲ್ಲಿ ಮಲಗಿತ್ತು” ಎಂದಳು ಚೆನ್ನಾಜಮ್ಮ. “ಕೆಲಸ ಮರೆತಿಲ್ಲ ನೋಡಿ.”

ಹೊರಗೆ ತೆಗೆದರೆ ಮುಚ್ಚಿಕೊಂಡಿತು. ಮುಳುಗಿಸಿದರೆ ತೆರೆಯಿತು. ಗುರುಗಳು ಮಗುವಿನಂತೆ ನಾಲ್ಕು ಸಲ ಮಾಡಿಸಿದರು.

“ಬುದ್ಧಿ, ನಾನು ಅಷ್ಟು ಪ್ರವಚನ ಮಾಡಿದೆನಲ್ಲ...” ಎಂದು ಷಡಕ್ಷರಿ ಶುರುಮಾಡಿದ.

“ಸಾರು ಈ ನೀರಲ್ಲೇ ಮಾಡ್ತಾಳೇನೋ, ಅದನ್ನು ನೋಡು ಮೊದಲು” ಎಂದರು ಗುರುಗಳು.

ಸಾರು ಬೇರೆ ನೀರಿನಲ್ಲೇ ಆಯಿತು. ಆದರೆ ಈ ಸಂಭ್ರಮದಲ್ಲಿ ಚೆನ್ನಾಜಮ್ಮ ನಿಜವಾಗಿಯೂ ಉಪ್ಪು ಮರೆತಳು.

ಊಟಕ್ಕೆ ಕೂತರು. ಗುರುಗಳು ಇನ್ನೂ ಬಾಯಿಗಿಟ್ಟಿರಲಿಲ್ಲ. ಷಡಕ್ಷರಿ ಮೊದಲ ತುತ್ತು ನುಂಗಿದ. ಕೈ ನಿಂತಿತು. ತಟ್ಟೆ ನೋಡಿದ.

“ಚೆನ್ನಾಜಮ್ಮಾ! ಇದೇನು ಸಾರೋ ಸ್ನಾನದ ನೀರೋ? ಉಪ್ಪೇ ಇಲ್ಲವಲ್ಲ!”

ಅಂಗಳದ ಪಾರಿವಾಳಗಳು ಹಾರಿದವು.

ಚೆನ್ನಾಜಮ್ಮ ಬಾಗಿಲಿಗೆ ಬಂದಳು. ಅವಳ ಮುಖ ಹಬ್ಬದ ದಿನದಂತಿತ್ತು.

“ಬಂದೆ ಮೇಷ್ಟ್ರೇ, ಬಂದೆ” ಎನ್ನುತ್ತಾ ಉಪ್ಪಿನ ಮರಿಗೆ ಹಿಡಿದು ಓಡಿಬಂದಳು.

ಗುರುಗಳು ತಲೆ ಎತ್ತಲಿಲ್ಲ. ಉಪ್ಪು ಹಾಕಿಸಿಕೊಂಡು ಎರಡು ಸಲ ಸಾರು ಕೇಳಿ ಉಂಡರು.

ಐದು ನಿಮಿಷದ ಮೇಲೆ ಷಡಕ್ಷರಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಬಾಳೆಹಣ್ಣಿತ್ತು. ಕೊಡುವುದು ಹೇಗೆಂದು ಗೊತ್ತಾಗದೆ ಹೊಸ್ತಿಲ ಮೇಲಿಟ್ಟು ಹೋದ.

ಮರುದಿನ ಚೂರನ್ನು ಅದರ ಜಾಗಕ್ಕೆ ಹಾಕಿದ. ನಡುವೆ ಇಡಲು ದಪ್ಪ ಕಾಗದ ಬೇಕಿತ್ತು. ಮುಂದಿನ ಹುಣ್ಣಿಮೆಯ ಆಮಂತ್ರಣ ಪತ್ರ ಸಾಕಷ್ಟು ದಪ್ಪವಾಗಿತ್ತು. ದುಂಡಗೆ ಕತ್ತರಿಸಿ, ಗ್ರೀಸು ಬಳಿದು ಕೂರಿಸಿದ. ಬೋಲ್ಟು ಬಿಗಿಯುವಾಗ ‘ಪ್ರವಚನಕಾರರು’ ಎಂಬ ಅಕ್ಷರಗಳು ಒಳಗೆ ಹೋದವು.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಚೆನ್ನಾಜಮ್ಮನ ಟ್ರಂಕನ್ನು ಡಿಕ್ಕಿಯಲ್ಲಿಟ್ಟರು. ಬೆರಳು ನೀಲಿಯಾದರೆ ಪೇಟೆಯಿಂದಲೇ ಬಯಲುಸೀಮೆಯ ಬಸ್ಸು. ಇದು ಮೂವರಿಗೂ ಗೊತ್ತಿತ್ತು.

ಗುರುಗಳೂ ಹೊರಟರು. ಮುಂದಿನ ಸೀಟು ಅವರದು. ಭಕ್ತರು ಅದಕ್ಕೆ ಮಖಮಲ್ಲು ಹೊದಿಸಿದ್ದರು. ಅವರು ಹಿಂದಿನ ಬಾಗಿಲು ತೆಗೆದರು.

“ಚೆನ್ನಾಜಮ್ಮ, ಮುಂದೆ ಕೂರು.”

“ಅಯ್ಯೋ ಬುದ್ಧಿ! ನಿಮ್ಮ ಜಾಗದಲ್ಲಿ ನಾನಾ?”

“ಬಿಸಿ ಬರೋದು ಮುಂದೆ ತಾನೇ?”

“ಜನ ನೋಡಿದ್ರೆ ಏನಂದಾರು?”

“ಹತ್ತು ಅಂದರೆ ಹತ್ತಬೇಕು!” ಗುರುಗಳು ಗುಡುಗಿದರು. “ನಿಂತು ನನಗೆ ಶಾಸ್ತ್ರ ಹೇಳ್ತಾಳೆ!”

ಚೆನ್ನಾಜಮ್ಮ ಹತ್ತಿದಳು.

ಮೂರನೆಯ ತಿರುವಿನವರೆಗೆ ಏನೂ ಆಗಲಿಲ್ಲ. ಐದನೆಯ ತಿರುವಿನಲ್ಲಿ ಕೆಳಗೆ ಬಿದ್ದಿದ್ದ ಮುಳ್ಳು ಅಲುಗಿತು. ಏಳನೆಯ ತಿರುವಿನಲ್ಲಿ ಮುಳ್ಳು ನಡುವಿಗೆ ಬಂದು ನಿಂತಿತು. ಷಡಕ್ಷರಿ ಸ್ವಿಚ್ಚು ಹಾಕಿದ.

ಬಿಸಿಗಾಳಿ ಬಂತು. ಸ್ವಲ್ಪ ಎಣ್ಣೆಯ ವಾಸನೆ, ಸ್ವಲ್ಪ ಇಲಿಯ ವಾಸನೆ ಇತ್ತು.

ಚೆನ್ನಾಜಮ್ಮ ಕಂಬಳಿಯಿಂದ ಎರಡೂ ಕೈ ಹೊರಗೆ ತೆಗೆದು ಗಾಳಿಗೆ ಹಿಡಿದಳು. ಒಲೆಯ ಮುಂದೆ ಹಿಡಿಯುವಂತೆ ಹಿಡಿದಳು. ಪೇಟೆಯವರೆಗೂ ಹಾಗೇ ಇದ್ದಳು.

ಡಾಕ್ಟರಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಹತ್ತೂ ನೋಡಿದರು.

“ಏನು ಮಾಡಿದ್ರಿ?” ಎಂದು ಷಡಕ್ಷರಿಯನ್ನು ಕೇಳಿದರು.

“ಕಿತ್ತಿದ್ದನ್ನು ವಾಪಸ್ ಇಟ್ಟೆ.”

“ಹೀಗೇ ಬರೋದಾದ್ರೆ ಇರಲಿ ಅಲ್ಲೇ. ಮೇಲೆ ಒಲೆ ಇದ್ದೇ ಇದೆಯಲ್ಲ. ಟ್ರಂಕು ವಾಪಸ್ ತಗೊಂಡು ಹೋಗಿ.”

ಬೆಟ್ಟ ಹತ್ತುವಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಮೇಣದ ಶಾಖ, ಹೀಟರಿನ ಶಾಖ ಎರಡೂ ಸೇರಿ ಚೆನ್ನಾಜಮ್ಮನಿಗೆ ಮಖಮಲ್ಲಿನ ಸೀಟಿನಲ್ಲಿ ನಿದ್ದೆ ಹತ್ತಿತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಷಡಕ್ಷರಿಯ ಮುಖ ಬಿಸಿಯಾಗಿತ್ತು. ತನ್ನ ಕಡೆಯ ಕಿಟಕಿಯನ್ನು ಅರ್ಧ ಇಳಿಸಿದ. ಎರಡು ತಿರುವು ದಾಟಿದ ಮೇಲೆ ಕನ್ನಡಿಯಲ್ಲಿ ಗುರುಗಳನ್ನು ನೋಡಿ ಮೆಲ್ಲಗೆ ಹೇಳಿದ:

“ಬುದ್ಧಿ, ಹೋದ ವಾರ ಸಿಟ್ಟು ಬಂತು. ಈ ರಸ್ತೆಯಲ್ಲೇ ಬಂತು. ಆಮೇಲೆ ಊಟದಲ್ಲೂ ಬಂತು. ಹನ್ನೊಂದು ವರ್ಷದ ಸಾಧನೆ ಹೋಯಿತು. ಇನ್ನು ನಾನೇನು ಮಾಡಲಿ?”

ಹಿಂದಿನ ಸೀಟಿನಲ್ಲಿ ಗುರುಗಳು ಶಾಲು ಎಳೆದುಕೊಂಡರು.

“ಮೊದಲು ಆ ಕಿಟಕಿ ಏರಿಸು ಮೇಷ್ಟ್ರೇ. ಬಿಸಿ ಈಗಷ್ಟೇ ಹಿಂದಿನವರೆಗೆ ಬರುತ್ತಿದೆ.”